ಗೇಟಿಗೆ ಕಟ್ಟುವ ನಾಯಿಯಲ್ಲ

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಈಚೆಗೆ ಮುಧೋಳ ನಾಯಿಗಳು ಕಾಣಿಸತೊಡಗಿವೆ. ನಿವೇಶನವನ್ನೆಲ್ಲ ಮನೆಯೇ ನುಂಗಿ, ಗೇಟಿಗೂ ಮೆಟ್ಟಿಲಿಗೂ ನಡುವೆ ಕಾರು ನಿಲ್ಲಿಸಲೆಂದು ಉಳಿಸಿಕೊಂಡ ಜಾಗದಲ್ಲಿ, ಕಬ್ಬಿಣದ ಚೈನಿಗೆ ಕಟ್ಟಿದ ಎತ್ತರದ ಸಣಕಲು ನಾಯಿ. ಸಾಕಿದವರನ್ನು ಮಾತಿಗೆಳೆದರೆ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಎಷ್ಟು ಹಾಕಿದರೂ ಮೈ ಹಿಡಿಯುವುದಿಲ್ಲ, ಬಂದವರಿಗೆ ಬೊಗಳುವುದಿಲ್ಲ, ಕರೆದರೆ ಬರುವುದಿಲ್ಲ, ಚೈನು ಬಿಚ್ಚಿದರೆ ಕೈಗೆ ಸಿಗುವುದಿಲ್ಲ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಇದೇ ತಳಿಯ ಹೆಣ್ಣುನಾಯಿಯೊಂದು ಮರಿಯಾಗಿದ್ದಾಗಿನಿಂದ ಬೆಳೆದು ಈಗ ಮುದಿತನಕ್ಕೆ ಕಾಲಿಟ್ಟಿರುವುದರಿಂದ ಈ ದೂರುಗಳನ್ನು ನನ್ನ ಮುಂದೆ ಹೇಳಿಕೊಳ್ಳುವವರು ಬಹಳ. ನಾಲ್ಕೂ ನಿಜವೇ. ಆದರೆ ಈ ನಾಲ್ಕನ್ನೂ ದೋಷವೆಂದು ಕರೆಯುವ ಮುನ್ನ, ಇವೇ ಗುಣಗಳಿಗಾಗಿ ನಮ್ಮ ಹಿರಿಯರು ತಲೆಮಾರುಗಳ ಕಾಲ ಮರಿಗಳನ್ನು ಆರಿಸಿ ಉಳಿಸಿಕೊಂಡು ಬಂದರು ಎಂಬುದನ್ನು ನೆನೆಯಬೇಕು.

ಬೇಟೆಗೆ ನಾಯಿಯನ್ನು ಬಳಸಿದ ಜನ ಅದನ್ನು ಎರಡು ದಾರಿಯಲ್ಲಿ ಬೆಳೆಸಿದ್ದಾರೆ. ಮರಗಿಡ ದಟ್ಟವಾಗಿದ್ದ ಕಡೆ ಮೂಗಿನ ನಾಯಿ ಬೇಕಾಯಿತು. ನೆಲಕ್ಕೆ ಮೂತಿಯಿಟ್ಟು ವಾಸನೆಯ ಜಾಡನ್ನು ಗಂಟೆಗಟ್ಟಲೆ ಹಿಡಿದು ಹೋಗುವ ಬೀಗಲ್, ಬ್ಲಡ್‌ಹೌಂಡ್ ಮುಂತಾದವು ಆ ಬಳಗದವು. ಮರಳುಗಾಡು, ಕುರುಚಲು, ಬಯಲುಗಳಲ್ಲಿ ಮಾತ್ರ ಕಣ್ಣಿನ ನಾಯಿ ಬೇಕಾಯಿತು. ಗ್ರೇಹೌಂಡ್, ಸಲೂಕಿ, ಅಫ್ಘನ್ ಹೌಂಡ್, ನಮ್ಮ ದೇಶದ ರಾಂಪುರ ಹೌಂಡ್, ತಮಿಳುನಾಡಿನ ಚಿಪ್ಪಿಪಾರೈ, ನಮ್ಮ ಮುಧೋಳ ಎಲ್ಲವೂ ಈ ಎರಡನೆಯ ಬಳಗಕ್ಕೆ ಸೇರಿವೆ. ಮೂಗಿನ ನಾಯಿ ಜಾಡು ಹಿಡಿದು ಹೋಗುವಾಗ ಬೊಗಳುತ್ತ ಬೇಟೆಗಾರನಿಗೆ ತಾನಿರುವ ಕಡೆಯನ್ನು ತಿಳಿಸಬೇಕಾಗುತ್ತದೆ. ಕಣ್ಣಿನ ನಾಯಿಗೆ ಆ ಅಗತ್ಯವಿಲ್ಲ. ಬೊಗಳಿದರೆ ಉಸಿರು ವ್ಯರ್ಥ, ಬೇಟೆಗೂ ಎಚ್ಚರಿಕೆ. ಮೊಲ ಎದ್ದ ಕ್ಷಣದಲ್ಲಿ ಯಜಮಾನನ ಮುಖ ನೋಡಿ ಅಪ್ಪಣೆಗಾಗಿ ಕಾಯುವ ನಾಯಿಯೂ ಇಲ್ಲಿ ನಿಷ್ಪ್ರಯೋಜಕ, ಏಕೆಂದರೆ ಅಪ್ಪಣೆ ಬರುವಷ್ಟರಲ್ಲಿ ಮೊಲ ಬೇಲಿ ದಾಟಿರುತ್ತದೆ. ಆದ್ದರಿಂದ ತಾನೇ ಕಂಡು, ತಾನೇ ತೀರ್ಮಾನಿಸಿ, ಸದ್ದಿಲ್ಲದೆ ಹಾರುವ ನಾಯಿಯ ಮರಿಗಳನ್ನೇ ಜನ ಉಳಿಸಿಕೊಂಡರು. ಇಂದು ನಾವು ಅದನ್ನು ಮೊಂಡುತನ ಎನ್ನುತ್ತೇವೆ.

ಈ ಕಣ್ಣಿನ ರಚನೆಯೇ ಕುತೂಹಲದ ಸಂಗತಿ. ಉದ್ದ ಮೂತಿಯ ನಾಯಿಗಳ ದೃಷ್ಟಿಪಟಲದಲ್ಲಿ ಸೂಕ್ಷ್ಮ ನೋಟಕ್ಕೆ ಕಾರಣವಾದ ನರಕೋಶಗಳು ಮನುಷ್ಯನ ಕಣ್ಣಿನಲ್ಲಿರುವಂತೆ ಒಂದು ಬಿಂದುವಿನ ಸುತ್ತ ಗುಂಪುಗೂಡಿರುವುದಿಲ್ಲ. ಅಡ್ಡಲಾಗಿ ಒಂದು ಪಟ್ಟಿಯಂತೆ ಹರಡಿಕೊಂಡಿರುತ್ತವೆ. ಮೂತಿ ಗಿಡ್ಡವಾದ ಪಗ್‌ನಂತಹ ತಳಿಗಳಲ್ಲಿ ಆ ಪಟ್ಟಿ ಕುಗ್ಗಿ ಚುಕ್ಕೆಯಾಗಿರುತ್ತದೆ. ಚಳ್ಳಕೆರೆಯ ಕಡೆಯ ಕಾವಲುಗಳ ಹುಲ್ಲುಬಯಲಿನಲ್ಲಿ ನಿಂತು ನೋಡಿದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಅಲ್ಲಿ ನೋಡಬೇಕಾದದ್ದೆಲ್ಲವೂ ಬಾನು ನೆಲ ಕೂಡುವ ಒಂದು ಅಡ್ಡಗೆರೆಯ ಮೇಲೆಯೇ ಇರುತ್ತದೆ. ಆ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ನೋಟದಲ್ಲಿ ಹಿಡಿಯುವ ಕಣ್ಣು ಬೇಕಾಗುತ್ತದೆ. ತಲೆಬುರುಡೆ ಕಿರಿದಾಗಿ, ಕಣ್ಣುಗಳು ಪಕ್ಕಕ್ಕೆ ಸರಿದಿರುವುದರಿಂದ ಹಿಂಬದಿಯ ಕೊಂಚ ಭಾಗವನ್ನು ಬಿಟ್ಟರೆ ಸುತ್ತಲಿನದೆಲ್ಲವೂ ಅದಕ್ಕೆ ಕಾಣುತ್ತದೆ. ಬಣ್ಣದ ವಿಚಾರದಲ್ಲಿ ಮಾತ್ರ ಎಲ್ಲ ನಾಯಿಗಳಂತೆ ಇದೂ ಬಡವನೇ. ನೀಲಿ ಹಳದಿಗಳು ತಿಳಿಯುತ್ತವೆ, ಕೆಂಪು ಹಸಿರುಗಳ ಭೇದ ತಿಳಿಯುವುದಿಲ್ಲ. ಅದಕ್ಕೆ ಬೇಕಾದದ್ದು ಬಣ್ಣವಲ್ಲ, ಚಲನೆ.

ನಮ್ಮ ನಾಯಿಯ ಹೆಸರು ಚುಕ್ಕಿ. ಎಳ್ಳುಬೆಲ್ಲದ ಬಣ್ಣದ ಮೈ, ಎದೆಯ ಮೇಲೆ ರೂಪಾಯಿಯಗಲದ ಬಿಳಿ ಮಚ್ಚೆ. ಶೇಂಗಾ ಕಿತ್ತು ಖಾಲಿಯಾದ ಹೊಲದಲ್ಲಿ ಸಂಜೆ ಅದರ ಜೊತೆ ನಿಂತಾಗ ನಡೆಯುವುದನ್ನು ಹೇಳುತ್ತೇನೆ. ಮೊದಲು ಕಿವಿಗಳು ಹಿಂದಕ್ಕೆ ಮಡಿಚಿ ಕತ್ತಿಗೆ ಅಂಟಿಕೊಳ್ಳುತ್ತವೆ. ಕತ್ತು ನಿಧಾನವಾಗಿ ಮೇಲೇಳುತ್ತದೆ. ಮುಂಗಾಲೊಂದು ಮಡಿಚಿ ಗಾಳಿಯಲ್ಲಿ ನಿಲ್ಲುತ್ತದೆ. ಅದು ನೋಡುತ್ತಿರುವ ದಿಕ್ಕಿನಲ್ಲಿ ನಾನು ಎಷ್ಟು ಕಣ್ಣು ಕಿರಿದುಗೊಳಿಸಿದರೂ ಒಣಗಿದ ಬಳ್ಳಿಯ ಗುಡ್ಡೆ, ಬದುವಿನ ಮೇಲಿನ ಜಾಲಿ, ಅದರಾಚೆ ಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳಷ್ಟೇ ಕಾಣುತ್ತವೆ. ಆಮೇಲೆ ಬದುವಿನ ನೆರಳಿನಲ್ಲಿದ್ದ ಕೌಜುಗವೊಂದು ಹೆಜ್ಜೆಯಿಟ್ಟಾಗ ಮಾತ್ರ ನನಗೆ ವಿಷಯ ತಿಳಿಯುತ್ತದೆ. ಆ ಹೊತ್ತಿನಲ್ಲಿ ಚುಕ್ಕಿಯ ಹೆಸರು ಹಿಡಿದು ಕೂಗಿದರೆ ಕಿವಿಯ ತುದಿಯೂ ಅಲುಗುವುದಿಲ್ಲ. ಕೇಳಿಸುವುದಿಲ್ಲವೆಂದಲ್ಲ, ಲೆಕ್ಕಕ್ಕಿಲ್ಲವಷ್ಟೇ.

ಓಟಕ್ಕೆ ತಕ್ಕಂತೆ ದೇಹವೂ ಇದೆ. ಗಂಡಿನ ಭುಜದೆತ್ತರ ಸುಮಾರು 68ರಿಂದ 73 ಸೆಂಟಿಮೀಟರ್, ಹೆಣ್ಣಿನದು ಅದಕ್ಕಿಂತ ಕೊಂಚ ಕಡಿಮೆ. ಆದರೂ ತೂಕ ಸಾಮಾನ್ಯವಾಗಿ 30 ಕಿಲೋ ದಾಟುವುದಿಲ್ಲ. ಇದಕ್ಕಿಂತ ಗಿಡ್ಡನಾದ ಜರ್ಮನ್ ಶೆಫರ್ಡ್ ಗಂಡು 30ರಿಂದ 40 ಕಿಲೋ ತೂಗುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಮುಧೋಳದ ಮೈಯಲ್ಲಿ ಎಷ್ಟು ಕಡಿಮೆ ಕೊಬ್ಬು ಇದೆಯೆಂಬುದು ತಿಳಿಯುತ್ತದೆ. ಆಳವಾದ ಎದೆಗೂಡಿನಲ್ಲಿ ದೊಡ್ಡ ಹೃದಯ ಮತ್ತು ಶ್ವಾಸಕೋಶ, ಒಳಕ್ಕೆ ಎಳೆದುಕೊಂಡ ಹೊಟ್ಟೆ, ಉದ್ದನೆಯ ತೊಡೆ, ಮೈಗಂಟಿದ ನುಣುಪಾದ ಗಿಡ್ಡ ಕೂದಲು. ಓಡುವಾಗ ಬೆನ್ನುಮೂಳೆ ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತದೆ. ಒಂದೊಂದು ನೆಗೆತದಲ್ಲಿಯೂ ಎರಡು ಸಲ, ಕಾಲುಗಳು ಹೊಟ್ಟೆಯಡಿ ಕೂಡಿದಾಗ ಒಮ್ಮೆ ಮತ್ತು ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಾಗ ಇನ್ನೊಮ್ಮೆ, ನಾಲ್ಕೂ ಪಾದಗಳು ನೆಲ ಬಿಟ್ಟಿರುತ್ತವೆ. ಚೀತಾದ ಓಟದಲ್ಲಿಯೂ ಇದೇ ನಡೆ ಇದೆ. ಕುದುರೆಯ ನಾಗಾಲೋಟದಲ್ಲಿ ಹೀಗಾಗುವುದು ಒಮ್ಮೆ ಮಾತ್ರ.

ಹೀಗಿರುವಾಗ ಪಕ್ಕೆಲುಬು ಕಾಣುತ್ತದೆಂದು ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಆರೋಗ್ಯವಾಗಿರುವ ಮುಧೋಳ ನಾಯಿಯ ಹಿಂದಿನ ಎರಡು ಮೂರು ಪಕ್ಕೆಲುಬುಗಳು ಚರ್ಮದಡಿಯಲ್ಲಿ ಕಾಣಲೇಬೇಕು. ತೊಡೆ ಮತ್ತು ಬೆನ್ನಿನ ಸ್ನಾಯು ಗಟ್ಟಿಯಾಗಿದ್ದರೆ ಸಾಕು. ನಮ್ಮ ಬೀದಿಯ ಹಿರಿಯರೊಬ್ಬರು ಚುಕ್ಕಿಯನ್ನು ಕಂಡಾಗಲೆಲ್ಲ “ಮೇಷ್ಟ್ರೆ, ಹೊಟ್ಟೆಗೆ ಏನಾದ್ರೂ ಹಾಕ್ತೀರೋ ಇಲ್ವೋ?” ಎಂದು ಕೇಳುತ್ತಿದ್ದರು. ಈ ಮಾತಿಗೆ ಹೆದರಿ ಅನ್ನ, ಬಿಸ್ಕತ್ತು, ಬೇಕರಿಯ ಬನ್ನು ತುರುಕಿ ನಾಯಿಯನ್ನು ದುಂಡಗೆ ಮಾಡಿದ ಮನೆಗಳನ್ನು ನೋಡಿದ್ದೇನೆ. ಸಣ್ಣ ಎಲುಬಿನ ಮೇಲೆ ಹೆಚ್ಚುವರಿ ತೂಕ ಬಿದ್ದರೆ ಮೊದಲು ಹೋಗುವುದು ಕೀಲುಗಳು.

ತಳಿಯ ಇತಿಹಾಸವನ್ನು ಇಲ್ಲಿ ಉದ್ದಕ್ಕೆ ಹೇಳುವುದಿಲ್ಲ. ಬಾಗಲಕೋಟೆ ಜಿಲ್ಲೆಯ, ಘಟಪ್ರಭೆಯ ಬದಿಯ, ರನ್ನನ ಊರಾದ ಮುಧೋಳದ ಸಂಸ್ಥಾನವನ್ನು ಘೋರ್ಪಡೆ ಮನೆತನ ಆಳುತ್ತಿತ್ತು. ಸುತ್ತಲಿನ ಹಳ್ಳಿಗಳ ಬೇಟೆಗಾರರ ಬಳಿಯಿದ್ದ ಈ ನಾಯಿಗಳನ್ನು ಆಯ್ದು ಬೆಳೆಸಿದ ಶ್ರೇಯಸ್ಸು ಮಾಲೋಜಿರಾವ್ ಘೋರ್ಪಡೆಯವರಿಗೆ ಸಲ್ಲುತ್ತದೆ. ಅವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟ ಮೇಲೆ ತಳಿಗೆ ಮುಧೋಳದ ಹೆಸರು ಗಟ್ಟಿಯಾಯಿತು. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಮಾತ್ರ ಇದು ಇಂದಿಗೂ ಕಾರವಾನ್ ಹೌಂಡ್. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಅಂಚೆಚೀಟಿ ತಂದಾಗ ಅವುಗಳಲ್ಲಿ ಮುಧೋಳವೂ ಒಂದಾಗಿತ್ತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರ ಈಗ ಶುದ್ಧ ತಳಿಯ ಉಳಿವಿಗಾಗಿ ಕೆಲಸ ಮಾಡುತ್ತಿದೆ. ಅಲ್ಲಿಂದ 2016ರಲ್ಲಿ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರ ಆಕಾಶವಾಣಿ ಭಾಷಣದಲ್ಲಿ ಈ ತಳಿಯ ಪ್ರಸ್ತಾಪ ಬಂತು. 2022ರಲ್ಲಿ ಪ್ರಧಾನಿಯ ಭದ್ರತೆಯ ವಿಶೇಷ ರಕ್ಷಣಾ ದಳವೂ ಮರಿಗಳನ್ನು ಒಯ್ದಿತು. ನಮ್ಮ ಕಡೆಯ ಬಡಾವಣೆಗಳಿಗೆ ಮುಧೋಳ ಬಂದದ್ದು ಈ ಸುದ್ದಿಗಳ ಬೆನ್ನ ಹಿಂದೆಯೇ. ಸೇನೆ ಸೇರಿದ ನಾಯಿ ಎಂದ ಮೇಲೆ ಮನೆ ಕಾಯದೆ ಇರುತ್ತದೆಯೇ ಎಂಬ ತರ್ಕ ಜನರದು.

ಕನ್ನಡನಾಡಿಗೆ ಬೇಟೆನಾಯಿಯ ಮೇಲಿರುವ ಮಮತೆ ಇದಕ್ಕಿಂತ ಬಹಳ ಹಳೆಯದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಅರಸ ಮೆಚ್ಚಿ, ಬೇಕಾದ್ದನ್ನು ಕೇಳೆಂದಾಗ, ಅವನು ಊರು ಉಂಬಳಿ ಕೇಳದೆ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತಾಗ, ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಯಾವ ತಳಿಯದೆಂದು ಹೇಳಲು ಆಧಾರವಿಲ್ಲವಾದ್ದರಿಂದ ಅದನ್ನು ಮುಧೋಳದ ಪೂರ್ವಜ ಎಂದು ಸಾರುವವರ ಜೊತೆ ನಾನಿಲ್ಲ. ಹಂದಿಯ ಮೇಲೆ ಬೀಳುವುದಕ್ಕೆ ಬೇಕಾದ ದವಡೆ, ಮೈಕಟ್ಟು ಬೇರೆಯೇ. ಮೊಲದ ಹಿಂದೆ ಓಡುವ ಈ ನುಣ್ಣನೆಯ ದೇಹ ಬೇರೆಯೇ.

ಸ್ವಭಾವದ ಮಾತಿಗೆ ಬರುತ್ತೇನೆ. ಮುಧೋಳ ನಾಯಿ ಮನೆಮಂದಿಯನ್ನು ಬಿಟ್ಟು ಹೊರಗಿನವರನ್ನು ಸುಲಭವಾಗಿ ಹತ್ತಿರ ಸೇರಿಸುವುದಿಲ್ಲ. ಲ್ಯಾಬ್ರಡಾರ್‌ನಂತೆ ಬಂದವರ ಮಡಿಲೇರುವುದೂ ಇಲ್ಲ, ಡಾಬರ್‌ಮನ್‌ನಂತೆ ಗೇಟಿಗೆ ಹಾರುವುದೂ ಇಲ್ಲ. ಎದ್ದು ನಾಲ್ಕು ಹೆಜ್ಜೆ ದೂರ ಹೋಗಿ, ಅಲ್ಲಿಂದ ಬಂದವರನ್ನು ನೋಡುತ್ತ ನಿಲ್ಲುತ್ತದೆ. ಅಪರಿಚಿತರು ತಲೆಯ ಮೇಲೆ ಕೈಯಿಡಲು ಹೋದರೆ ಮೈ ಕುಗ್ಗಿಸುತ್ತದೆ. ಅದನ್ನು ಪುಕ್ಕಲು ಎಂದು ತಿಳಿದು ಬಲವಂತವಾಗಿ ಹಿಡಿದು ಮುದ್ದು ಮಾಡಿದರೆ, ಹಲ್ಲು ತೋರಿಸಿದ ತಪ್ಪು ನಾಯಿಯ ತಲೆಗೆ ಬರುತ್ತದೆ. ಮನೆಯೊಳಗೆ ಮಾತ್ರ ಇಷ್ಟು ಶಾಂತವಾದ ನಾಯಿ ಸಿಗುವುದು ಕಷ್ಟ. ದಿನದ ಬಹುಪಾಲು ನಿದ್ದೆ. ನಾನು ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದರೆ ಕಾಲ ಬಳಿ ಬಂದು, ಉದ್ದನೆಯ ಮೂತಿಯನ್ನು ನನ್ನ ಪಾದದ ಮೇಲೆ ಭಾರ ಬಿಟ್ಟು ಇಟ್ಟು ಮಲಗುತ್ತದೆ. ಗದರಿದರೆ ಅರ್ಧ ದಿನ ಮುಖ ತಿರುಗಿಸಿಕೊಂಡಿರುತ್ತದೆ. ಹೊಡೆದು ಕಲಿಸುವುದಂತೂ ಈ ತಳಿಯಲ್ಲಿ ಆಗದ ಮಾತು. ಒಂದು ಏಟಿಗೆ ಅದು ಕಲಿಯುವುದು ಹೊಡೆದವರಿಂದ ದೂರವಿರಬೇಕೆಂಬುದನ್ನು ಮಾತ್ರ. ಮರಿಯಿದ್ದಾಗ ಎರಡು ಮೂರು ತಿಂಗಳ ಅವಧಿಯಲ್ಲಿ ಬಗೆಬಗೆಯ ಜನ, ಆಟೋ, ಕುಕ್ಕರಿನ ಕೂಗು, ದೀಪಾವಳಿಯ ಪಟಾಕಿಯಂತಹ ಸದ್ದು, ಬೇರೆ ನಾಯಿಗಳು, ಇವೆಲ್ಲವನ್ನೂ ಹೆದರಿಸದೆ ಪರಿಚಯಿಸಿದರೆ ಮುಂದಿನ ಬದುಕು ಸುಗಮ. ಒಂಟಿಯಾಗಿ ಷೆಡ್ಡಿನಲ್ಲಿ ಬೆಳೆದ ಮರಿ ದೊಡ್ಡದಾದ ಮೇಲೆ ನೆರಳಿಗೂ ಬೆಚ್ಚುತ್ತದೆ.

ಕರೆದರೆ ಬರುವುದನ್ನು ಕಲಿಸಬಹುದು, ಆದರೆ ಅದಕ್ಕೊಂದು ಮಿತಿಯಿದೆ. ಚುಕ್ಕಿ ಮನೆಯಂಗಳದಲ್ಲಿ, ಖಾಲಿ ಹೊಲದಲ್ಲಿ, ಹುರಿದ ಈಲಿಯ ತುಂಡೊಂದು ಜೇಬಿನಲ್ಲಿದೆಯೆಂದು ಗೊತ್ತಿದ್ದಾಗ, ಒಂದೇ ಕೂಗಿಗೆ ಬರುತ್ತದೆ. ಓಡುವ ಪ್ರಾಣಿಯೊಂದು ಕಣ್ಣಿಗೆ ಬಿದ್ದ ಮೇಲೆ ಯಾವ ಈಲಿಯೂ ನಡೆಯುವುದಿಲ್ಲ. ಚಳ್ಳಕೆರೆ ರಸ್ತೆಯ ಕಡೆ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಇದನ್ನು ನನಗೆ ಬಹಳ ಹಿಂದೆಯೇ ಹೇಳಿದ್ದರು: “ಇದ್ರ ಬುದ್ದಿ ಎಲ್ಲಾ ಕಣ್ಣಾಗೇ ಐತೆ ಮೇಷ್ಟ್ರೆ. ಕುರಿ ಓಡಿದ್ರೆ ಇದೂ ಓಡ್ತೈತೆ. ಹಟ್ಟಿ ತಾವ ಚೈನು ಬಿಚ್ಚಬ್ಯಾಡಿ.” ಅವರ ಕುರಿ ಕಾಯುತ್ತಿದ್ದುದು ಕಿವಿ ನಿಮಿರಿದ, ಬಾಲ ಸುರುಳಿ ಸುತ್ತಿದ ಊರನಾಯಿಗಳು, ಹಗಲೆಲ್ಲ ಕುರಿಯ ಜೊತೆ ನಡೆದು, ರಾತ್ರಿ ತೋಳದ ಸದ್ದಿಗೆ ಬೊಗಳುವ ಅವುಗಳ ಕೆಲಸವನ್ನು ಮುಧೋಳ ಎಂದೂ ಮಾಡಲಾರದು.

ಆದ್ದರಿಂದ ನಮ್ಮ ಜಿಲ್ಲೆಗಳಲ್ಲಿ ಬಯಲು ಇದೆಯೆಂದು ಎಲ್ಲೆಂದರಲ್ಲಿ ಈ ನಾಯಿಯನ್ನು ಬಿಡುವಂತಿಲ್ಲ. ಹಬ್ಬದ ಮರುದಿನ ಊರಿನ ಹುಡುಗರು ನಾಯಿ ಕಟ್ಟಿಕೊಂಡು ಮೊಲದ ಬೇಟೆಗೆ ಹೋಗುವ ರೂಢಿ ಹಲವು ಹಳ್ಳಿಗಳಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ನಾಯಿಯಿಂದ ಹಿಡಿಸಿದರೂ ಅಪರಾಧವೇ. ಚಿತ್ರದುರ್ಗದ ಮಗ್ಗುಲಿಗೇ ಜೋಗಿಮಟ್ಟಿ ವನ್ಯಧಾಮವಿದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು ಕೊಂಡುಕುರಿಗಾಗಿಯೇ ವನ್ಯಧಾಮವೆಂದು ಘೋಷಿಸಿದ್ದಾರೆ. ನಾಲ್ಕು ಕೊಂಬಿನ ಈ ಸಣ್ಣ ಜಿಂಕೆ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಇಂತಹ ಕಡೆಗಳ ಅಂಚಿನಲ್ಲಿ ಬಿಚ್ಚಿದ ಬೇಟೆನಾಯಿ ಒಂದು ನಿಮಿಷದಲ್ಲಿ ಮಾಡುವ ಹಾನಿಗೆ ಪರಿಹಾರವಿಲ್ಲ. ದೇಸಿ ತಳಿಯ ಅಭಿಮಾನ ಮತ್ತು ದೇಸಿ ಕಾಡುಪ್ರಾಣಿಯ ಅಭಿಮಾನ ಎರಡೂ ಒಂದೇ ಎದೆಯಲ್ಲಿ ಇರಬೇಕಾದರೆ ಕೈಯಲ್ಲಿ ಹಗ್ಗ ಇರಲೇಬೇಕು. ನಾವು ಮಾಡಿಕೊಂಡಿರುವ ಏರ್ಪಾಡು ಸರಳ: ಸಂಬಂಧಿಕರ ತೋಟದಲ್ಲಿ ಆಳೆತ್ತರದ ತಂತಿಬೇಲಿಯಿರುವ ಒಂದೆಕರೆ ಜಾಗವಿದೆ, ಅಲ್ಲಿ ಮಾತ್ರ ಬಿಚ್ಚುತ್ತೇವೆ. ಮಿಕ್ಕ ದಿನ ಬೆಳಿಗ್ಗೆ ಮತ್ತು ಸಂಜೆ ಹಗ್ಗ ಹಿಡಿದು ನಡಿಗೆ. ಈ ತಳಿಗೆ ಗಂಟೆಗಟ್ಟಲೆ ಓಟ ಬೇಕೆಂಬುದು ತಪ್ಪು ತಿಳಿವಳಿಕೆ. ಬಿರುಸಾಗಿ ಕೆಲವು ಸುತ್ತು ಓಡಿದ ಮೇಲೆ ಅದು ತಾನಾಗಿ ನೆರಳಿಗೆ ಬರುತ್ತದೆ. ಆ ಕೆಲವು ಸುತ್ತುಗಳನ್ನು ತಪ್ಪಿಸಿದರೆ ಮಾತ್ರ ಚಪ್ಪಲಿ, ಸೋಫಾ, ಕಾಂಪೌಂಡಿನ ಗಿಡ, ಎಲ್ಲದರ ಮೇಲೂ ಪರಿಣಾಮ ಕಾಣುತ್ತದೆ.

ಹಗ್ಗದ ಬಗ್ಗೆ ಇನ್ನೊಂದು ಮಾತು. ಇದರ ಕತ್ತು ತಲೆಗಿಂತ ದಪ್ಪ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೆಲ್ಟು ಹಾಕಿ ನಡೆಸುವಾಗ ನಾಯಿ ಹಿಂದಕ್ಕೆ ಎರಡು ಹೆಜ್ಜೆ ಇಟ್ಟರೆ ಬೆಲ್ಟು ಕಿವಿಯ ಮೇಲಿಂದ ಜಾರಿ ಕೈಯಲ್ಲಿ ಉಳಿಯುತ್ತದೆ. ಮೂರು ಬೆರಳಗಲದ, ಎಳೆದಾಗ ಒಂದು ಮಟ್ಟದವರೆಗೆ ಬಿಗಿಯಾಗುವ ಬಟ್ಟೆಯ ಪಟ್ಟಿ ಒಳ್ಳೆಯದು. ಎದೆ ಬಳಸುವ ಪಟ್ಟಿ ಅದಕ್ಕಿಂತಲೂ ಒಳ್ಳೆಯದು. ಚೈನಿಗೆ ಕಟ್ಟಿಯೇ ಇಟ್ಟರೆ, ಏನೋ ಕಂಡು ಒಮ್ಮೆಲೇ ಹಾರಿದಾಗ ಇಡೀ ವೇಗ ಆ ಉದ್ದನೆಯ ಕತ್ತಿನ ಮೇಲೆ ಬೀಳುತ್ತದೆ.

ಚರ್ಮ ಈ ತಳಿಯ ದೊಡ್ಡ ದೌರ್ಬಲ್ಯ. ಅದು ಎಷ್ಟು ತೆಳುವೆಂದರೆ ಕಾಲಿನ ಮೇಲಿನ ರಕ್ತನಾಳಗಳನ್ನು ಬೆಳಕಿನಲ್ಲಿ ಗುರುತಿಸಬಹುದು. ತೋಟದಲ್ಲಿ ಒಮ್ಮೆ ಚುಕ್ಕಿ ಜಾಲಿಮುಳ್ಳಿನ ಬೇಲಿಯನ್ನು ಒರೆಸಿಕೊಂಡು ಹೋದಾಗ ತೊಡೆಯ ಚರ್ಮ ಅಂಗೈಯಗಲ ಬಿರಿದು, ಕೆಳಗಿನ ಸ್ನಾಯು ಒಂದು ಗೀರೂ ಇಲ್ಲದೆ ಹೊಳೆಯುತ್ತ ಕಾಣಿಸಿತು. ರಕ್ತ ಹೆಚ್ಚು ಹರಿಯಲಿಲ್ಲ. ನಾಯಿ ಕುಂಟಲೂ ಇಲ್ಲ. ಪಶುವೈದ್ಯರು ಮೊದಲು ತೂಕ ನೋಡಿದರು, ಆಮೇಲೆ ತಳಿ ಯಾವುದೆಂದು ಕೇಳಿ ಖಚಿತಪಡಿಸಿಕೊಂಡರು, ಗಾಯದ ಸುತ್ತ ಮಾತ್ರ ಮರಗಟ್ಟಿಸಿ ಹೊಲಿದರು. ಪೂರ್ತಿ ಮತ್ತು ಬರಿಸಲು ಏಕೆ ಹಿಂಜರಿದರೆಂಬುದನ್ನು ಹೊಲಿಯುತ್ತಲೇ ವಿವರಿಸಿದರು. ಥಯೋಪೆಂಟಾಲ್‌ನಂತಹ ಅರಿವಳಿಕೆಗಳು ರಕ್ತದಿಂದ ಕೊಬ್ಬಿಗೆ ಹರಡಿಕೊಂಡಾಗ ನಾಯಿಗೆ ಎಚ್ಚರವಾಗುತ್ತದೆ. ಕೊಬ್ಬೇ ಇಲ್ಲದ ಮೈಯಲ್ಲಿ ಔಷಧಿಗೆ ಹೋಗಲು ಜಾಗವಿಲ್ಲ. ಜೊತೆಗೆ ಗ್ರೇಹೌಂಡ್ ಬಳಗದ ನಾಯಿಗಳ ಯಕೃತ್ತು ಇಂತಹ ಔಷಧಿಗಳನ್ನು ಒಡೆಯುವುದೂ ನಿಧಾನ. ಬೇರೆ ನಾಯಿ ಒಂದು ಗಂಟೆಯಲ್ಲಿ ಏಳುವ ಕಡೆ ಇವು ಬಹಳ ಹೊತ್ತು ಏಳದೆ ಮಲಗುವ ಅಪಾಯವಿದೆ. ಈಗ ಸುರಕ್ಷಿತವಾದ ಬೇರೆ ಔಷಧಿಗಳಿವೆ. ಆದರೂ ಸಂತಾನಹರಣ ಶಸ್ತ್ರಚಿಕಿತ್ಸೆಗೋ ಹಲ್ಲಿನ ಚಿಕಿತ್ಸೆಗೋ ಕರೆದೊಯ್ದಾಗ “ಇದು ಮುಧೋಳ” ಎಂದು ಮೊದಲೇ ಹೇಳುವುದು ಸಾಕಿದವರ ಹೊಣೆ. ನಾಟಿ ಮಿಶ್ರತಳಿಯೆಂದು ತಿಳಿದು ಮಾಮೂಲಿ ಲೆಕ್ಕದಲ್ಲಿ ಸೂಜಿ ಹಾಕುವ ಸಾಧ್ಯತೆ ಇಲ್ಲದಿಲ್ಲ.

ಆಳವಾದ ಎದೆಯ ನಾಯಿಗಳಿಗೆ ಇನ್ನೊಂದು ಗಂಡಾಂತರವಿದೆ. ಹೊಟ್ಟೆ ತುಂಬ ತಿಂದು ಕೂಡಲೇ ಓಡಿದರೆ ಜಠರದಲ್ಲಿ ಗಾಳಿ ತುಂಬಿ ಅದು ತಿರುಚಿಕೊಳ್ಳಬಹುದು. ಹೊಟ್ಟೆ ಉಬ್ಬಿ, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದೆ, ನಾಯಿ ನಿಂತಲ್ಲಿ ನಿಲ್ಲದೆ ಚಡಪಡಿಸಿದರೆ ಮನೆಮದ್ದು ಮಾಡುತ್ತ ಕೂರಬಾರದು. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ದಿನದ ಊಟವನ್ನು ಎರಡು ಹೊತ್ತಾಗಿ ಹಂಚುವುದು, ಊಟದ ಹಿಂದೆ ಮುಂದೆ ಒಂದೊಂದು ಗಂಟೆಯಾದರೂ ಓಟ ತಪ್ಪಿಸುವುದು, ಇಷ್ಟನ್ನು ನಾವು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ಊಟಕ್ಕೆ ಜೋಳದ ರೊಟ್ಟಿ ಅಥವಾ ರಾಗಿ ಮುದ್ದೆ, ಜೊತೆಗೆ ಮಜ್ಜಿಗೆ, ಬೇಯಿಸಿದ ಮೊಟ್ಟೆ, ವಾರದಲ್ಲಿ ಕೆಲವು ದಿನ ಎಲುಬು ತೆಗೆದ ಕೋಳಿಮಾಂಸ. ಹಳ್ಳಿಗಳಲ್ಲಿ ಬರಿಯ ರೊಟ್ಟಿ ಹಾಲಿನಲ್ಲಿ ಬೆಳೆದ ನಾಯಿಗಳಿವೆ ಎನ್ನುವವರು, ಆ ನಾಯಿಗಳು ಹೊಲದಲ್ಲಿ ಇಲಿ, ಓತಿ ಹಿಡಿದು ತಿನ್ನುತ್ತಿದ್ದುದನ್ನು ಮರೆಯುತ್ತಾರೆ. ಪೇಟೆಯ ನಾಯಿಗೆ ಆ ಮಾಂಸವನ್ನು ನಾವೇ ಒದಗಿಸಬೇಕು. ಬೇಯಿಸಿದ ಕೋಳಿಯ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವ ನಾಯಿಗೂ ವಿಷವೇ. ನಮ್ಮೂರಿನ ಮಂಡಕ್ಕಿ ಒಗ್ಗರಣೆಯಲ್ಲಿ ಈರುಳ್ಳಿ ಇರುವುದನ್ನು ಮಕ್ಕಳಿಗೆ ಹೇಳಿಕೊಡಬೇಕಾಗುತ್ತದೆ.

ಬಿಸಿಲಿಗೆ ಈ ತಳಿ ಹೊಂದಿಕೊಂಡಿದೆ ಎಂಬ ಮಾತು ಅರ್ಧ ನಿಜ. ಗಿಡ್ಡ ಕೂದಲಿನ ಸಣ್ಣ ಮೈ ಬೇಗ ತಂಪಾಗುತ್ತದೆ, ನೆರಳಿದ್ದರೆ ಏಪ್ರಿಲ್ ತಿಂಗಳನ್ನು ಒಂದು ಹಸ್ಕಿಯೋ ಸೇಂಟ್ ಬರ್ನಾರ್ಡೋ ಪಡುವ ಪಾಡಿಲ್ಲದೆ ಕಳೆಯುತ್ತದೆ. ಆದರೆ ಓಡಿದ ಮೇಲೆ ಹುಟ್ಟುವ ಕಾವನ್ನು ಯಾವ ನಾಯಿಯೂ ನಾಲಿಗೆ ಚಾಚಿ ತೇಕುವುದರಿಂದಲೇ ಹೊರಹಾಕಬೇಕು. ಬೆವರು ಪಾದದ ಅಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ, ಸಂಜೆ ರಸ್ತೆಯ ಡಾಂಬರಿಗೆ ಅಂಗೈಯಿಟ್ಟು ನೋಡಿ ಸುಡುವುದಿಲ್ಲವೆಂದಾದ ಮೇಲೆ ಹೊರಡುವುದು ಒಳ್ಳೆಯದು. ಜನ ಮರೆಯುವುದು ಚಳಿಯನ್ನು. ಮಾಗಿಯ ರಾತ್ರಿ ಬಂಡೆಗಳ ಮೇಲಿಂದ ಗಾಳಿ ಬೀಸತೊಡಗಿದರೆ ಸಿಮೆಂಟು ನೆಲದ ಮೇಲಿರುವ ಮುಧೋಳ ನಾಯಿ ನಡುಗುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಹಳೆಯ ಚಳ್ಳಕೆರೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದ್ದೇವೆ; ಮೈಯಲ್ಲಿ ಮಾಂಸವಿಲ್ಲದ ಕಡೆ, ಮೊಣಕೈ ಮತ್ತು ಸೊಂಟದ ಎಲುಬಿನ ಮೇಲೆ, ನೆಲ ತಾಗಿ ಜಡ್ಡುಗಟ್ಟುವುದನ್ನೂ ಅದು ತಡೆಯುತ್ತದೆ.

ಉಣ್ಣಿಯನ್ನು ಲಘುವಾಗಿ ತೆಗೆದುಕೊಳ್ಳಬಾರದು. ನಾಯಿಯ ಕಂದು ಉಣ್ಣಿ ಮೈಮೇಲಷ್ಟೇ ಇರುವುದಿಲ್ಲ. ಹೊಟ್ಟೆ ತುಂಬಿದ ಹೆಣ್ಣು ಉದುರಿಬಿದ್ದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ನಾಯಿಗೆ ಔಷಧಿ ಹಾಕಿ ಗೋಡೆಯನ್ನು ಬಿಟ್ಟರೆ ಮುಂದಿನ ತಿಂಗಳು ಮತ್ತದೇ ಕಥೆ. ಇವು ಹರಡುವ ಬಬೇಸಿಯಾ, ಎರ್ಲಿಕಿಯಾ ಸೋಂಕುಗಳಲ್ಲಿ ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ, ಕಂದು ಬಣ್ಣದ ಮೂತ್ರ ಕಾಣಿಸಿಕೊಳ್ಳಬಹುದು. ದನಕ್ಕೆ ತಂದ ಔಷಧಿಯನ್ನು ಅಂದಾಜಿನಲ್ಲಿ ಕಲಸಿ ನಾಯಿಗೆ ಬಳಿಯುವ ಅಭ್ಯಾಸ ಹಳ್ಳಿಗಳಲ್ಲಿದೆ. ಈ ತೆಳು ಚರ್ಮಕ್ಕೆ ಅದು ರೋಗಕ್ಕಿಂತ ಕೇಡು. ಮರಿಗೆ ಆರರಿಂದ ಎಂಟು ವಾರದಲ್ಲಿ ಶುರುವಾಗುವ ಪಾರ್ವೋ, ಡಿಸ್ಟೆಂಪರ್ ಲಸಿಕೆಗಳು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಜಂತಿನ ಔಷಧಿ ಇವೆಲ್ಲ ಎಲ್ಲ ನಾಯಿಗೂ ಒಂದೇ.

ಮರಿ ತರುವವರು ಒಂದೆರಡು ವಿಷಯ ಗಮನಿಸಬೇಕು. ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣುನಾಯಿಗೆ ಹದಿನೆಂಟು ತಿಂಗಳು ಆಗುವ ಮುನ್ನ ಮರಿ ಹಾಕಿಸುವಂತಿಲ್ಲ. ಫೋನಿನಲ್ಲಿ ಚಿತ್ರ ತೋರಿಸಿ ಬಸ್ಸಿನಲ್ಲಿ ಬುಟ್ಟಿಗೆ ಹಾಕಿ ಕಳಿಸುವವರಿಗೆ ಎರಡೂ ನಿಯಮ ಗೊತ್ತಿರುವುದಿಲ್ಲ. ತಾಯಿಯನ್ನು ನೋಡದೆ ಮರಿ ತರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ತಾಯಿ ಬಂದವರನ್ನು ಕಂಡು ನಡುಗುತ್ತ ಮೂಲೆ ಸೇರಿದರೆ ಮರಿಯ ಕಿವಿ, ಬಾಲ, ಬಣ್ಣ ಎಷ್ಟೇ ಚೆನ್ನಾಗಿದ್ದರೂ ವಾಪಸು ಬರುವುದೇ ಮೇಲು. ದಾವಣಗೆರೆಯಲ್ಲಿರುವ ನನ್ನ ಭಾವಮೈದುನ ಮನೆ ಕಾಯಲು ಮುಧೋಳ ಮರಿ ಕೊಡಿಸಿ ಎಂದು ಬಹಳ ದಿನ ಗಂಟುಬಿದ್ದಿದ್ದ. ಅವನದು ಮೂರನೆಯ ಮಹಡಿ, ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಕೊನೆಗೆ ಬೀದಿಯ ಮರಿಯೊಂದನ್ನು ತಂದು ಸಾಕಿಕೊಂಡ. ಲಿಫ್ಟಿನ ಬಾಗಿಲು ತೆರೆದ ಸದ್ದಿಗೇ ಅದು ಇಡೀ ಕಟ್ಟಡ ಎಬ್ಬಿಸುತ್ತದೆ, ಅವನಿಗೆ ಬೇಕಾದದ್ದೂ ಅದೇ. ಸುತ್ತ ಬೇಲಿಯಿರುವ ತೋಟದ ಮನೆ, ಹಗಲು ಮನೆಯಲ್ಲಿ ಒಬ್ಬರಾದರೂ ಇರುವ ಸಂಸಾರ, ಮಾತು ಕೇಳಿಸುವುದಕ್ಕಿಂತ ನೋಡಿ ಅರ್ಥ ಮಾಡಿಕೊಳ್ಳುವ ತಾಳ್ಮೆ, ಇವಿದ್ದವರಿಗೆ ಮುಧೋಳ ಸರಿಯಾದ ನಾಯಿ.

ಚುಕ್ಕಿಯ ಮೂತಿ ಈಗ ಬೆಳ್ಳಗಾಗಿದೆ. ಈ ತಳಿಯ ನಾಯಿಗಳು ಹತ್ತು ಹನ್ನೆರಡು ವರ್ಷ ಬದುಕುವುದು ಸಾಮಾನ್ಯ. ವಯಸ್ಸಾದಂತೆ ಮೊದಲು ಕರಗುವುದು ಹಿಂದೊಡೆಯ ಸ್ನಾಯು; ಆದ್ದರಿಂದ ಓಟ ಕಡಿಮೆಯಾದರೂ ನಡಿಗೆಯನ್ನು ನಿಲ್ಲಿಸಿಲ್ಲ. ಹಲ್ಲುಗಳಲ್ಲಿ ಗಾರೆ ಕಟ್ಟುವುದು ಉದ್ದ ಮೂತಿಯವಕ್ಕೆ ಮಾಮೂಲು. ವಾರಕ್ಕೆ ಎರಡು ಮೂರು ಸಲ ಬೆರಳಿಗೆ ಬಟ್ಟೆ ಸುತ್ತಿ ಉಜ್ಜುವುದನ್ನು ಮರಿಯಿದ್ದಾಗಲೇ ಅಭ್ಯಾಸ ಮಾಡಿಸಿದ್ದರಿಂದ ಈಗಲೂ ಬಾಯಿ ತೆರೆಯುತ್ತದೆ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಡುತ್ತೇವೆ. ವೈದ್ಯರ ಸೂಚನೆಯಂತೆ ಆಗಾಗ ರಕ್ತಪರೀಕ್ಷೆ ಮಾಡಿಸುವಾಗ ಪ್ರಯೋಗಾಲಯದ ಚೀಟಿಯಲ್ಲಿ ತಳಿಯ ಹೆಸರನ್ನು ನಾನೇ ಬರೆಯಿಸುತ್ತೇನೆ. ಗ್ರೇಹೌಂಡ್‌ಗಳ ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ ಬೇರೆ ನಾಯಿಗಳಿಗಿಂತ ಸಹಜವಾಗಿಯೇ ಹೆಚ್ಚಿರುತ್ತದೆ. ಅದೇ ಮೈಕಟ್ಟಿನ ನಾಯಿಯಲ್ಲಿ ಎಲ್ಲ ತಳಿಗಳಿಗೂ ಅನ್ವಯಿಸುವ ಅಂಕಿಯನ್ನು ಇಟ್ಟುಕೊಂಡು ನೋಡಿದರೆ ರಕ್ತಹೀನತೆ ಶುರುವಾಗಿದ್ದರೂ ವರದಿಯಲ್ಲಿ ಎಲ್ಲವೂ ಸರಿಯೆಂದೇ ಕಾಣಬಹುದು. ಆದ್ದರಿಂದ ಹಿಂದಿನ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದೇವೆ, ವೈದ್ಯರು ಚುಕ್ಕಿಯ ಈ ಸಲದ ಅಂಕಿಯನ್ನು ಚುಕ್ಕಿಯ ಕಳೆದ ಸಲದ ಅಂಕಿಯೊಂದಿಗೇ ಹೋಲಿಸಿ ನೋಡುತ್ತಾರೆ.